ಅಜ್ಜಿಯ ಕೈಹೆಣಿಗೆ ಕಲಿಸುವ ಪಾಠ



ನಮ್ಮ ಅನೇಕ ಮನೆಗಳ ಬೀರುವಿನಲ್ಲಿ, ಮಡಿಸಿಟ್ಟ ಸೀರೆಗಳ ಅಡಿಯಲ್ಲಿ, ನುಸಿಗುಳಿಗೆಯ ವಾಸನೆ ಹೊತ್ತ ಒಂದು ಪುಟ್ಟ ಉಲ್ಲನ್ ಟೋಪಿ ಇರುತ್ತದೆ. ಅದರ ಜೊತೆಗೆ ಬೆರಳುದ್ದದ ಕಾಲುಚೀಲಗಳೂ ಇರಬಹುದು. ಅವುಗಳನ್ನು ತೊಟ್ಟ ಮಗು ಈಗ ಕಾಲೇಜು ಮೆಟ್ಟಿಲು ಹತ್ತಿರಬಹುದು. ಹೆಣೆದ ಅಜ್ಜಿ ಪ್ರಭುವಿನಲ್ಲಿ ವಿಶ್ರಮಿಸುತ್ತಿರಬಹುದು. ಆದರೂ ಅದನ್ನು ಎಸೆಯಲು ಮನೆಯಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ. ಏಕೆ? ಅಂಗಡಿಯಲ್ಲಿ ಅದಕ್ಕಿಂತ ಅಂದವಾದ ಟೋಪಿ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ. ಹಾಗಿದ್ದರೂ ಈ ಹಳೆಯ ಟೋಪಿಯಲ್ಲಿ ಅಂಥದ್ದೇನಿದೆ? ಈ ವಾರ ಇದನ್ನು ಸ್ವಲ್ಪ ನಿಧಾನವಾಗಿ ವಿಚಾರ ಮಾಡೋಣ.

ಒಂದೇ ದಾರ, ಸಾವಿರಾರು ಕುಣಿಕೆ

ಮಗ್ಗದ ಬಟ್ಟೆಗೆ ಹಾಸು, ಹೊಕ್ಕು ಎಂಬ ಎರಡು ಬಗೆಯ ನೂಲು ಬೇಕು. ಹೆಣಿಗೆಗೆ ಎರಡು ಕಡ್ಡಿ, ಒಂದೇ ದಾರ ಸಾಕು. ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು. ಉಳಿದ ಎಲ್ಲ ಚಿತ್ತಾರಗಳೂ ಬಹುಮಟ್ಟಿಗೆ ಇವೆರಡರ ಜೋಡಣೆಯಿಂದಲೇ ಹುಟ್ಟುತ್ತವೆ. ಪ್ರತಿಯೊಂದು ಕುಣಿಕೆಯೂ ಕೆಳಗಿನ ಸಾಲಿನ ಕುಣಿಕೆಯೊಳಗಿಂದಲೇ ಹೊರಗೆ ಬರುತ್ತದೆ. ಆದುದರಿಂದ ಒಂದು ಕುಣಿಕೆ ಕಡ್ಡಿಯಿಂದ ಜಾರಿದರೆ ಅದರ ಕೆಳಗಿನವೂ ಏಣಿಯಂತೆ ಬಿಚ್ಚಿಕೊಳ್ಳುತ್ತಾ ಹೋಗುತ್ತವೆ. ಅನುಭವವಿರುವ ಅಜ್ಜಿ ಇದಕ್ಕೆ ಗಾಬರಿಯಾಗುವುದಿಲ್ಲ. ಕೊಕ್ಕೆಯ ಕಡ್ಡಿಯಿಂದ ಜಾರಿದ ಕುಣಿಕೆಯನ್ನು ಒಂದೊಂದೇ ಸಾಲು ಮೇಲೆತ್ತಿ, ಮತ್ತೆ ತನ್ನ ಸ್ಥಾನಕ್ಕೆ ಸೇರಿಸುತ್ತಾಳೆ.

ಅಣ್ಣನಿಗೆ ಗಿಡ್ಡವಾದ ಸ್ವೆಟರನ್ನು ಬಿಚ್ಚಿ, ದಾರವನ್ನು ಲಡಿ ಸುತ್ತಿ, ತೊಳೆದು, ಸುಕ್ಕು ಬಿಡುವಂತೆ ಸ್ವಲ್ಪ ಭಾರ ಕಟ್ಟಿ ಒಣಗಿಸಿ, ತಂಗಿಗೆ ಟೋಪಿ ಹೆಣೆದ ಅಜ್ಜಿಯರನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಮಡಿಕೇರಿ, ಚಿಕ್ಕಮಗಳೂರಿನ ಮಳೆ ಚಳಿಯಲ್ಲಿ ಇದು ಮನೆಯ ಅಗತ್ಯವೂ ಆಗಿತ್ತು. ಕುಟುಂಬವೂ ಹೀಗೆಯೇ ಅಲ್ಲವೇ? ಒಬ್ಬರೊಳಗಿಂದ ಒಬ್ಬರು ಬಂದವರು ನಾವು. ಒಬ್ಬರು ಜಾರಿದರೆ ಇತರರೂ ಸಡಿಲಗೊಳ್ಳುತ್ತಾರೆ. ಎತ್ತಿ ಸೇರಿಸುವ ಒಂದು ಕೈ ಬೇಕು.

ನಾಲ್ಕು ಕಾರಣಗಳು

ಯಾವುದೇ ವಸ್ತುವನ್ನು ಸರಿಯಾಗಿ ಅರಿಯಬೇಕಾದರೆ ನಾಲ್ಕು ಕಾರಣಗಳನ್ನು ತಿಳಿಯಬೇಕೆಂದು ಗ್ರೀಕ್ ತತ್ವಜ್ಞಾನಿ ಅರಿಸ್ಟಾಟಲ್ ಕಲಿಸಿದನು. ಅದು ಯಾವುದರಿಂದ ಆಗಿದೆ, ಯಾವ ರೂಪ ಪಡೆದಿದೆ, ಯಾರು ಮಾಡಿದರು, ಯಾವ ಉದ್ದೇಶಕ್ಕಾಗಿ? ಅಂಗಡಿಯ ಟೋಪಿಗೂ ಅಜ್ಜಿಯ ಟೋಪಿಗೂ ಮೊದಲೆರಡರಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ದಾರ ಎರಡರಲ್ಲೂ ಅಕ್ರಿಲಿಕ್ ಇರಬಹುದು, ರೂಪದಲ್ಲಿ ಅಂಗಡಿಯದೇ ಮೇಲಾಗಿರಬಹುದು. ವ್ಯತ್ಯಾಸವಿರುವುದು ಕೊನೆಯ ಎರಡರಲ್ಲಿ. ಕಾರ್ಖಾನೆಯ ಟೋಪಿ ಯಾವುದಾದರೂ ಒಂದು ಮಗುವಿಗಾಗಿ ತಯಾರಾದದ್ದು. ಅಜ್ಜಿಯದು ಈ ಮಗುವಿಗಾಗಿ, ಎಷ್ಟೋ ಸಲ ಮಗು ಇನ್ನೂ ತಾಯಿಯ ಗರ್ಭದಲ್ಲಿರುವಾಗಲೇ ಆರಂಭವಾದದ್ದು. ಮಗುವಿಗೆ ಹೆಸರಿಡುವ ಮೊದಲೇ ಅದಕ್ಕಾಗಿ ಒಬ್ಬರು ಬೆರಳು ನೋಯಿಸಿಕೊಂಡಿದ್ದಾರೆ ಎಂಬುದು ಸಣ್ಣ ಮಾತೇ?

13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಮರಳಿ ಪಡೆಯುವ ಎಣಿಕೆಯಿಲ್ಲದೆ ಕೊಡುವುದೇ ನಿಜವಾದ ಕೊಡುಗೆ. ಅದರ ಮೂಲ ಪ್ರೀತಿ. ಆದುದರಿಂದ ನಾವು ಯಾರಿಗೇ ಆಗಲಿ ಮೊದಲು ಕೊಡುವುದು ಪ್ರೀತಿಯನ್ನು, ಬೇರೆಲ್ಲವೂ ಅದರ ಹಿಂದೆ ಬರುವಂಥವು ಎಂದು ಅವರು ವಿವರಿಸುತ್ತಾರೆ. ಅವರು ಇದನ್ನು ಬರೆದದ್ದು ಪವಿತ್ರಾತ್ಮರನ್ನು ‘ವರ’ ಎಂದು ಏಕೆ ಕರೆಯುತ್ತೇವೆ ಎಂದು ತಿಳಿಸುವಾಗ. ಟೋಪಿ ಹರಿದುಹೋದ ಮೇಲೂ ಕೊಡುಗೆ ಉಳಿಯುವುದು ಹೇಗೆ ಎಂಬುದಕ್ಕೆ ಇದರಲ್ಲಿ ಉತ್ತರವಿದೆ.

ಶ್ರೀಗ್ರಂಥದ ಇಬ್ಬರು ಮಹಿಳೆಯರು

ಹನ್ನಳು ಬೇಡಿ ಪಡೆದ ಮಗ ಸಮುವೇಲನನ್ನು ಶಿಲೋವಿನ ದೇವಾಲಯದಲ್ಲಿ ಸರ್ವೇಶ್ವರನ ಸೇವೆಗೆ ಒಪ್ಪಿಸಿದಳು. ಆಮೇಲೆ ಮಗನನ್ನು ಕಾಣುತ್ತಿದ್ದುದು ವಾರ್ಷಿಕ ಬಲಿಯರ್ಪಣೆಗೆಂದು ಹೋದಾಗ. ಪ್ರತಿ ವರ್ಷವೂ ಆಕೆ ಒಂದು ಚಿಕ್ಕ ನಿಲುವಂಗಿಯನ್ನು ಮಾಡಿಕೊಂಡು ಹೋಗುತ್ತಿದ್ದಳೆಂದು ಸಮುವೇಲನ ಮೊದಲನೆಯ ಗ್ರಂಥ (2:19) ತಿಳಿಸುತ್ತದೆ. ಸ್ವಲ್ಪ ಯೋಚಿಸಿ. ಮಗ ಕಣ್ಣ ಮುಂದಿಲ್ಲ, ಅಳತೆ ಯಾರು ಕೊಡುತ್ತಾರೆ? ಈ ವರ್ಷ ಎಷ್ಟು ಬೆಳೆದಿರಬಹುದು, ತೋಳು ಎಷ್ಟು ಉದ್ದವಾಗಿರಬಹುದು ಎಂದು ಆಕೆ ಮನಸ್ಸಿನಲ್ಲೇ ಅಳೆಯಬೇಕಿತ್ತು. ದುಬೈನಲ್ಲೋ ಬೆಂಗಳೂರಿನಲ್ಲೋ ಇರುವ ಮೊಮ್ಮಗುವಿಗೆ ಸ್ವೆಟರ್ ಹೆಣೆಯುತ್ತಾ, “ಎಷ್ಟು ಎತ್ತರ ಆಗಿದ್ದಾನೆ ಮಗಾ?” ಎಂದು ಫೋನಿನಲ್ಲಿ ಕೇಳುವ ಅಜ್ಜಿಯೂ ಹನ್ನಳ ಸಾಲಿಗೆ ಸೇರಿದವಳೇ. ಆ ಪ್ರಶ್ನೆಗೆ ಅವಸರದಲ್ಲಿ ಉತ್ತರ ಕೊಡಬೇಡಿ.

ಇನ್ನೊಬ್ಬಳು ಯೊಪ್ಪ ಪಟ್ಟಣದ ತಬಿಥ. ಆಕೆ ತೀರಿಕೊಂಡಾಗ ಸಂತ ಪೇತ್ರನನ್ನು ಕರೆತಂದರು. ಅಲ್ಲಿದ್ದ ವಿಧವೆಯರು ಅಳುತ್ತಾ, ಆಕೆ ತಮ್ಮೊಂದಿಗಿದ್ದಾಗ ಮಾಡಿಕೊಟ್ಟ ಅಂಗಿಗಳನ್ನೂ ಮೇಲುಹೊದಿಕೆಗಳನ್ನೂ ತೋರಿಸಿದರು (ಪ್ರೇಷಿತರ ಕಾರ್ಯಕಲಾಪಗಳು 9:39). ಆಕೆ ಆಡಿದ ಒಂದು ಮಾತನ್ನೂ ಅಲ್ಲಿ ಬರೆದಿಲ್ಲ. ಹೊಲಿದ ಬಟ್ಟೆಗಳೇ ಆಕೆಯ ಪರವಾಗಿ ಸಾಕ್ಷಿ ನುಡಿದವು.

ನಮ್ಮ ನಾಡಿನ ಕೌದಿ

ಉಲ್ಲನ್ ಹೆಣಿಗೆಯನ್ನು ನಮ್ಮಲ್ಲಿ ಅನೇಕ ತಾಯಂದಿರು ಕಲಿತದ್ದು ಕಾನ್ವೆಂಟ್ ಶಾಲೆಗಳ ಕೈಕೆಲಸದ ತರಗತಿಯಲ್ಲಿ. ಆದರೆ ಅದೇ ಮನಸ್ಸು ನಮ್ಮ ನಾಡಿನಲ್ಲಿ ಹಿಂದಿನಿಂದಲೂ ಕೌದಿಯ ರೂಪದಲ್ಲಿ ಇದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಜನರಲ್ಲಿ ಕ್ರೈಸ್ತರೂ ಮುಸ್ಲಿಮರೂ ಹಿಂದೂಗಳೂ ಇದ್ದಾರೆ. ಅವರ ಹೆಂಗಸರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಆರಂಭಿಸಿ ನಡುವಿನ ಕಡೆಗೆ ಹೊಲಿಯುತ್ತಾ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಮಡಿಸಿದ ಬಟ್ಟೆಯ ‘ಫುಲಾ’, ಅಂದರೆ ಹೂವು, ಇಡದೆ ಕೌದಿ ಪೂರ್ತಿಯಾಗದು. ಕ್ರೈಸ್ತ ಮನೆಯ ಕೌದಿಯಲ್ಲಿ ಕೆಲವೊಮ್ಮೆ ಶಿಲುಬೆಯ ಗುರುತೂ ಇರುತ್ತದೆ. ಕೂಸುಗಳಿಗೆಂದೇ ಚಿಕ್ಕ ಕೌದಿಗಳನ್ನೂ ಹೊಲಿಯುತ್ತಾರೆ. ಅಜ್ಜನ ಪಂಚೆ, ಅತ್ತೆಯ ಸೀರೆ, ಚಿಕ್ಕಪ್ಪನ ಅಂಗಿ ಎಲ್ಲವೂ ಸೇರಿದ ಹೊದಿಕೆಯಡಿ ಮಗು ಮಲಗುತ್ತದೆ. ಇಡೀ ಮನೆತನವೇ ಮಗುವನ್ನು ಹೊದಿಸಿದಂತೆ.

ಒಂದೇ ಉಂಡೆಯ ಎರಡು ಟೋಪಿ

ಕೈಯಾರೆ ಮಾಡಿದ ಉಡುಗೊರೆಯೂ ನೋವು ತರಬಲ್ಲದು. ಯಕೋಬನು ಜೋಸೆಫನೊಬ್ಬನಿಗೆ ಮಾತ್ರ ವಿಶೇಷವಾದ ನಿಲುವಂಗಿ ಮಾಡಿಸಿಕೊಟ್ಟನು (ಆದಿಕಾಂಡ 37:3). ಅಣ್ಣಂದಿರ ಹೊಟ್ಟೆಕಿಚ್ಚಿಗೆ ಅದು ಎಣ್ಣೆಯಾಯಿತು. ಕೊನೆಗೆ ಅದೇ ಅಂಗಿ ರಕ್ತದಲ್ಲಿ ಅದ್ದಲ್ಪಟ್ಟು ತಂದೆಯ ಕೈಗೆ ಮರಳಿತು.

ಇದಕ್ಕೆ ವಿರುದ್ಧವಾದುದನ್ನು ನಾನು ಒಂದು ಮನೆಯಲ್ಲಿ ಕಂಡೆ. ಅಣ್ಣತಮ್ಮಂದಿರಿಬ್ಬರು ತೋಟದ ಪಾಲಿನ ವಿಷಯದಲ್ಲಿ ಮಾತು ಬಿಟ್ಟಿದ್ದರು. ಒಬ್ಬರ ಮನೆಯ ಹೊಸ್ತಿಲನ್ನು ಇನ್ನೊಬ್ಬರು ತುಳಿಯುತ್ತಿರಲಿಲ್ಲ. ಅವರ ತಾಯಿ ಯಾರ ಪಕ್ಷವನ್ನೂ ವಹಿಸಲಿಲ್ಲ. ಕ್ರಿಸ್ಮಸ್ಸಿಗೆ ಎರಡೂ ಮನೆಯ ಮಕ್ಕಳಿಗೆ ಒಂದೇ ಕೆಂಪು ಉಂಡೆಯಿಂದ ಟೋಪಿ ಹೆಣೆದರು. ಒಂದು ಮುಗಿಯಿತು, ಇನ್ನೊಂದು ಅರ್ಧವಾಗಿರುವಾಗ ಅವರು ತೀರಿಕೊಂಡರು. ಅದು ಕಿರಿಯ ಮಗನ ಕೂಸಿನದು. ಕಡ್ಡಿಯ ಸಮೇತ ಚೀಲದಲ್ಲಿದ್ದ ಅದನ್ನು ಹಿರಿಯ ಸೊಸೆ ಪಕ್ಕದ ಮನೆಯವರಿಂದ ಕೇಳಿ ಕಲಿತು, ಉಳಿದರ್ಧ ಹೆಣೆದು, ತಿಂಗಳ ಪೂಜೆಯ ದಿನ ದೇವಾಲಯದ ಬಾಗಿಲಲ್ಲಿ ಓರಗಿತ್ತಿಯ ಕೈಗಿಟ್ಟರು. ಮೇಲಿನ ಅರ್ಧ ಸ್ವಲ್ಪ ಬಿಗಿ, ಕೆಳಗಿನ ಅರ್ಧ ಸಮ. ಎರಡು ಕೈಯ ಕೆಲಸವೆಂದು ನೋಡಿದರೆ ತಿಳಿಯುತ್ತದೆ. ತೋಟದ ವ್ಯಾಜ್ಯ ಅದರಿಂದ ಮುಗಿಯಲಿಲ್ಲ. ಆದರೆ ಓರಗಿತ್ತಿಯರು ಈಗ ಮಾತನಾಡುತ್ತಾರೆ. ಜಾರಿದ ಕುಣಿಕೆಯೊಂದನ್ನು ಎತ್ತಲು ಕೊಕ್ಕೆ ಅಷ್ಟು ತಲುಪಿದೆ.

ನಮ್ಮ ಮನೆಗಳಲ್ಲಿ ಏನು ಮಾಡಬಹುದು?

1. ಅಜ್ಜಿ ಕೊಟ್ಟದ್ದನ್ನು ಅವರ ಕಣ್ಣ ಮುಂದೆ ಒಮ್ಮೆಯಾದರೂ ತೊಡಿ. ದೂರದಲ್ಲಿದ್ದರೆ ತೊಟ್ಟ ಮಗುವಿನ ಫೋಟೊ ಕಳುಹಿಸಿ. ಬಣ್ಣ ಒಪ್ಪಲಿಲ್ಲವೆಂದು ಮೂಲೆಗೆಸೆದದ್ದು ಅವರಿಗೆ ತಿಳಿಯದೇ ಇರುವುದಿಲ್ಲ.

2. ಅಜ್ಜಿಯರೇ, ಕೊಟ್ಟ ಮೇಲೆ ಅದು ಅವರದ್ದು. “ನಾನು ಕೊಟ್ಟದ್ದನ್ನು ಹಾಕಲೇ ಇಲ್ಲ” ಎಂದು ಲೆಕ್ಕ ಕೇಳಿದರೆ ಕೊಡುಗೆ ಸಾಲವಾಗುತ್ತದೆ. ಮೊಮ್ಮಕ್ಕಳಲ್ಲಿ ಹೆಚ್ಚು ಕಡಿಮೆ ಮಾಡಬೇಡಿ. ಮಗಳ ಮಕ್ಕಳೂ ಸೊಸೆಯ ಮಕ್ಕಳೂ ಒಂದೇ ಉಂಡೆಯವರು.

3. ಕಣ್ಣಿಗೆ ಪೊರೆ ಬಂದು, ಬೆರಳಿನ ಗೆಣ್ಣು ಊದಿ, ಕಡ್ಡಿ ಹಿಡಿಯಲಾಗದ ದಿನ ಬರುತ್ತದೆ. ಅಂದು ಅಜ್ಜಿಯ ಬೆಲೆ ಕಡಿಮೆಯಾಗುವುದಿಲ್ಲ. ಮನುಷ್ಯನ ಘನತೆ ಅವನು ಮಾಡುವ ಕೆಲಸದಿಂದ ಬಂದದ್ದಲ್ಲ, ದೇವರ ಪ್ರತಿರೂಪವಾಗಿರುವುದರಿಂದ ಬಂದದ್ದು. ಹೆಣೆದುಕೊಟ್ಟ ಕೈಗೆ ಈಗ ಊಟ ಕಲಸಿಕೊಡುವ ಸರದಿ ನಮ್ಮದು.

4. ಮಕ್ಕಳನ್ನು ಅವರ ಬಳಿ ಕೂರಿಸಿ, ಗಂಡುಮಕ್ಕಳನ್ನೂ ಸಹ. ತಿಮೊಥೇಯನ ವಿಶ್ವಾಸವು ಮೊದಲು ಅಜ್ಜಿ ಲೋವಿಯಲ್ಲಿಯೂ ತಾಯಿ ಯೂನಿಕೆಯಲ್ಲಿಯೂ ನೆಲೆಸಿತ್ತೆಂದು ಸಂತ ಪೌಲರು ಬರೆಯುತ್ತಾರೆ (2 ತಿಮೊಥೇಯ 1:5). ಹೆಣಿಗೆಯಂತೆ ಪ್ರಾರ್ಥನೆಯೂ ಪಕ್ಕದಲ್ಲಿ ಕುಳಿತು ನೋಡಿ ಕಲಿಯುವಂಥದ್ದು.

5. ಒಂದನ್ನು ನೆನಪಿಗೆ ಇಟ್ಟುಕೊಳ್ಳಿ, ಉಳಿದುದನ್ನು ಬೀರುವಿನಲ್ಲಿ ನುಸಿಗೆ ಬಿಡಬೇಡಿ. ನವಜಾತ ಶಿಶುವಿನ ಮೈಶಾಖ ತಲೆಯಿಂದಲೂ ಬೇಗ ಹೋಗುತ್ತದೆ. ಅದಕ್ಕೇ ಟೋಪಿ ಹಾಕಲು ವೈದ್ಯರು ಹೇಳುತ್ತಾರೆ. ಹೊಸದಾಗಿ ಹೆತ್ತ ಬಡತಾಯಿ ನೆರೆಯಲ್ಲೇ ಇರಬಹುದು. ಚೆನ್ನಾಗಿ ತೊಳೆದು ಕೊಡಿ.

ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಅಜ್ಜ-ಅಜ್ಜಿಯರ ಹಾಗೂ ವೃದ್ಧರ ವಿಶ್ವ ದಿನವನ್ನು ಆರಂಭಿಸಿದರು. ಅದು ಜುಲೈ ತಿಂಗಳ ನಾಲ್ಕನೆಯ ಭಾನುವಾರ, ಮಾತೆ ಮರಿಯಳ ತಂದೆತಾಯಿಗಳಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬದ (ಜುಲೈ 26) ಆಸುಪಾಸಿನಲ್ಲಿ ಬರುತ್ತದೆ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಇಂದು ಸಂಜೆ ಜಪಸರ ಪ್ರಾರ್ಥನೆ ಮುಗಿದ ಮೇಲೆ ಬೀರುವಿನಿಂದ ಆ ಟೋಪಿಯನ್ನು ಹೊರತೆಗೆಯಿರಿ. ಅದನ್ನು ಯಾರು, ಯಾರಿಗಾಗಿ, ಯಾವ ವರ್ಷ ಹೆಣೆದರೆಂದು ಮಕ್ಕಳಿಗೆ ಹೇಳಿ. ಹೆಣೆದವರು ಇನ್ನೂ ನಮ್ಮೊಂದಿಗಿದ್ದರೆ, ಆ ಕಥೆಯನ್ನು ಅವರ ಬಾಯಿಂದಲೇ ಹೇಳಿಸಿ.