ಲೂಮ್: ಅರ್ಥಸಂಕೋಚಕ್ಕೆ ಒಂದು ಮಾದರಿ

1. ಮೂಲ: ಹಳೆಯ ಇಂಗ್ಲಿಷ್‌ನ ‘ಗೆಲೋಮ’. ಅರ್ಥ: ಯಾವುದೇ ಉಪಕರಣ. ಮುಂದೆ ನೇಯ್ಗೆಯ ಮಗ್ಗಕ್ಕಷ್ಟೇ ಸೀಮಿತವಾಯಿತು, ಇದೇ ಅರ್ಥಸಂಕೋಚ.

2. ವಾದ: ಅರ್ಥವನ್ನು ಕುಗ್ಗಿಸಿದ್ದು ಯಂತ್ರಯುಗ ಎಂಬ ಆಕ್ಷೇಪ ನಿಲ್ಲದು. ಎಡ್ಮಂಡ್ ಕಾರ್ಟ್‌ರೈಟ್ ಯಂತ್ರಮಗ್ಗಕ್ಕೆ ಪೇಟೆಂಟ್ ಪಡೆದದ್ದು 1785ರಲ್ಲಿ. ಸಂಕೋಚ ಅದಕ್ಕೂ ಶತಮಾನಗಳ ಮೊದಲೇ ಆಗಿತ್ತು. ಯಂತ್ರಯುಗ ಸೇರಿಸಿದ್ದು ‘ಪವರ್’ ಎಂಬ ವಿಶೇಷಣವನ್ನು ಮಾತ್ರ. ವಂಶಪಾರಂಪರ್ಯವಾಗಿ ಬಂದ ವಸ್ತು ಎಂಬ ಅರ್ಥದ ‘ಏರ್‌ಲೂಮ್’ ಪದದಲ್ಲಿ ಹಳೆಯ ಅರ್ಥ ಉಳಿದಿದೆ.

3. ಸ್ಥಳ: ಹೀಗೆ ‘ಪವರ್’ ಸೇರಿದ ಮಗ್ಗಕ್ಕೆ ಹೆಸರಾದ ಊರು ಕೊಲ್ಹಾಪುರ ಜಿಲ್ಲೆಯ ಇಚಲಕರಂಜಿ. ಅಲ್ಲಿ ಮೊದಲ ಪವರ್‌ಲೂಮ್ 1904ರಲ್ಲಿ, ಸ್ಥಾಪಕ ವಿಠ್ಠಲರಾವ್ ದಾತಾರ್. ಊರಿನ ಬಿರುದು ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’.

4. ಗೊಂದಲ ಬೇಡ: ‘ಮಸುಕಾಗಿ ಗೋಚರಿಸು’ ಎಂಬರ್ಥದ ‘ಲೂಮ್’ ಬೇರೆಯೇ ಪದ.