ಪೈರು ಹಸಿರಾದರೆ ಸಾಲದು, ಕಾಳು ಗಟ್ಟಿಯಾಗಬೇಕು

ಕಂಪ್ಲಿಯ ಕಾಲುವೆ ಬಯಲಿನಲ್ಲಿ ಈಗಷ್ಟೇ ಬೇಸಾಯಕ್ಕೆ ಇಳಿದ ಮಕ್ಕಳೇ, ಎಕರೆಗೆ ಎಷ್ಟು ಚೀಲ ಬಂತೆಂದು ಊರೆಲ್ಲ ಕೇಳುತ್ತದೆ. ಆ ಅಕ್ಕಿ ಉಂಡ ಮಗುವಿನ ಮೈಗೆ ಏನು ಸೇರಿತೆಂದು ನೀವಾದರೂ ಕೇಳಿಕೊಳ್ಳಿ. ಅದಕ್ಕೆ ತಳಿಯಷ್ಟೇ ಕಾರಣವಲ್ಲ. ಗೊಬ್ಬರ ಎರಚುವ, ನೀರು ಕಟ್ಟುವ ಹೊತ್ತೂ ಕಾರಣ.

ನಾಟಿಯಾಗಿ ಮೂರು ವಾರಕ್ಕೆ ಪೈರು ಕಳೆಗುಂದಿದರೆ ನಮ್ಮವರ ಕೈ ಯೂರಿಯಾ ಚೀಲಕ್ಕೇ ಹೋಗುತ್ತದೆ. ಸ್ವಲ್ಪ ತಡೆಯಿರಿ. ಒಂದು ಸಸಿ ಕಿತ್ತು ನೋಡಿ. ಎಳೆ ಎಲೆಯ ಬುಡದಲ್ಲಿ ನಡುನರ ಬಿಳಿಚಿಕೊಂಡು, ಕೆಳಗಿನ ಎಲೆಗಳ ಮೇಲೆ ತುಕ್ಕು ಬಣ್ಣದ ಚುಕ್ಕೆಗಳಿದ್ದರೆ ಅದು ಸತುವಿನ ಕೊರತೆ. ಸುಣ್ಣದಂಶದ ಎರೆ ಮಣ್ಣಿನಲ್ಲಿ ಸದಾ ನೀರು ನಿಂತರೆ ಸತುವಿದ್ದರೂ ಬೇರಿಗೆ ದಕ್ಕುವುದಿಲ್ಲ. ಡಿಎಪಿ ಅತಿಯಾದರೆ ಇನ್ನೂ ಕಷ್ಟ. ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟ್ ಕೊಡಿ, ಡಿಎಪಿ ಜೊತೆ ಬೆರೆಸಬೇಡಿ. ಮಣ್ಣಿಗೆ ಕೊಟ್ಟದ್ದು ಪೈರನ್ನು ಎತ್ತುತ್ತದೆ, ಇಳುವರಿ ಕೊಡುತ್ತದೆ. ಕಾಳಿನೊಳಗೆ ಸತು ಹೆಚ್ಚಬೇಕೆಂದರೆ ಹೂ ಕಳೆದು ಹಾಲುಗಾಳು ಕಟ್ಟುವಾಗ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, 2.5 ಗ್ರಾಂ ಸುಣ್ಣ ಬೆರೆಸಿ ಸಂಜೆ ಸಿಂಪಡಿಸಿ.

ಯೂರಿಯಾದ 45 ಕಿಲೋ ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕವಿರುತ್ತದೆ. ಒಮ್ಮೆಗೇ ಸುರಿದರೆ ಪೈರು ಕಡುಹಸಿರಾಗಿ, ಜಿಗಿಹುಳುವನ್ನೂ ಬೆಂಕಿರೋಗವನ್ನೂ ಕರೆದು, ಕೊನೆಗೆ ಒರಗಿ ಬೀಳುತ್ತದೆ. ನಾಟಿಗೆ, ತೆಂಡೆ ಒಡೆಯುವಾಗ, ತೆನೆ ಮೂಡುವಾಗ ಎಂದು ಹಂಚಿ ಕೊಡಿ. ತಡವಾಗಿ ಕೊಟ್ಟ ಪಾಲು ಕಾಳಿನ ಪ್ರೋಟೀನನ್ನು ಹೆಚ್ಚಿಸುತ್ತದೆ. ಹಾಗೆಂದು ಪ್ರಮಾಣ ನೋಡಿಯೇ ಹಿಗ್ಗಬೇಡಿ. ಸಂಡೂರಿನ ಜೋಳವಿರಲಿ, ಉತ್ತರದ ಜವೆಗೋಧಿಯಿರಲಿ, ಸಾರಜನಕ ಹೆಚ್ಚಿದಾಗ ಮುಖ್ಯವಾಗಿ ಹೆಚ್ಚುವುದು, ಮೈಗೆ ಬೇಕಾದ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆಯಿರುವ ಪ್ರೋಟೀನೇ. ರೊಟ್ಟಿಯ ಜೊತೆ ತೊಗರಿಬೇಳೆ ಇಟ್ಟ ನಮ್ಮ ಅಜ್ಜಿಯರ ಊಟ ಆ ಕೊರತೆ ತುಂಬುತ್ತದೆ.

ನೀರಿನ ಮಾತು. ಹಂಪಿಯ ಬಾಳೆ ತೋಟಗಳಿಗೆ ವಿಜಯನಗರದ ಕಾಲದ ತುರುತ್ತು ಕಾಲುವೆ ಇಂದಿಗೂ ನೀರುಣಿಸುತ್ತಿದೆ. 2024ರ ಆಗಸ್ಟ್‌ನಲ್ಲಿ ಹೊಸಪೇಟೆಯ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ಹನಿಹನಿಯ ಬೆಲೆ ಎಲ್ಲರಿಗೂ ತಿಳಿಯಿತು. ಆದರೂ ಸಿಕ್ಕಿದಾಗ ಗದ್ದೆ ತುಂಬಿಸಿಡುವ ಚಟ ಬಿಟ್ಟಿಲ್ಲ. ಸವುಳು ಏರುತ್ತಿರುವುದು ಅದರಿಂದಲೇ. ತೆಂಡೆ ಒಡೆಯುವ ಹೊತ್ತಿನಲ್ಲಿ ನಡುನಡುವೆ ನೀರು ಬಸಿದು ಗದ್ದೆ ಆರಲು ಬಿಡಿ. ಹೂ ಬಿಡುವಾಗ ಮಾತ್ರ ನೀರು ತಪ್ಪಿಸಬೇಡಿ, ಜೊಳ್ಳಾಗುತ್ತದೆ. ಕಾಳು ತುಂಬುವಾಗ ಬಾಯಾರಿದ ಪೈರಿನ ಕಾಳಿನಲ್ಲಿ ಪ್ರೋಟೀನಿನ ಶೇಕಡಾವಾರು ಹೆಚ್ಚಿರಬಹುದು. ಅದು ಪಿಷ್ಟ ತುಂಬದೆ ಕಾಳು ಸೊರಗಿದ್ದರ ಗುರುತು, ಲಾಭವಲ್ಲ.

ಈ ಸಲ ನಾಟಿಗೆ ಮುಂಚೆಯೇ ಮಣ್ಣಿನ ಮಾದರಿಯನ್ನು ರೈತ ಸಂಪರ್ಕ ಕೇಂದ್ರಕ್ಕೆ ಕೊಡಿ. ಸತುವನ್ನೂ ಪರೀಕ್ಷಿಸಲು ಕೇಳಿ. ಕಾಳಿಗೆ ಸೇರಿದ್ದು ತೌಡಿನ ಪಾಲಾಗದಂತೆ ಮನೆಯ ಅಕ್ಕಿಗೆ ಪಾಲಿಶ್ ಕಡಿಮೆ ಮಾಡಿಸಿ.