ಮೋಟಾರು ಏಕೆ ಹೊರಡಲೊಲ್ಲದು?

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರಿನ ವಿಷಯವಾಗಿ ಬರೆಯಹೊರಟರೆ ಗೆಳೆಯರು ನಗಬಹುದು. ನಗಲಿ. ಹೋದ ವರ್ಷ ಪರೀಕ್ಷೆಯ ದಿನ ಡಂಬಳದ ಕೆರೆಯ ಬದಿಯಲ್ಲಿ ನಾನು ಕಲಿತದ್ದು ತರ್ಕಶಾಸ್ತ್ರದ ಪಾಠವೇ ಎಂದು ನನ್ನ ಎಣಿಕೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆ ದಿನ ಬಸ್ಸು ತಪ್ಪಿತು. ಗದಗಿಗೆ ಸುಮಾರು 20 ಕಿಲೋಮೀಟರಿನ ದಾರಿ. ಸೋದರಮಾವನ ಹಳೆಯ ಮಾರುತಿ 800 ಗಾಡಿಯೇ ಗತಿ. ರಾತ್ರಿಯೆಲ್ಲ ಮಳೆ ಹೊಡೆದಿತ್ತು, ಗಾಡಿ ಬಯಲಲ್ಲೇ ನಿಂತಿತ್ತು. ಮಾವ ಕೀಲಿ ತಿರುವಿದರೆ ಎಂಜಿನ್ನು ಗರಗರನೆ ತಿರುಗಿತು, ಆದರೆ ಹೊತ್ತಿಕೊಳ್ಳಲಿಲ್ಲ. ಊರ ಹುಡುಗರು ನೆರೆದರು. ದೊಡ್ಡಬಸಪ್ಪನ ಗುಡಿಯ ಕಡೆಗೊಮ್ಮೆ ದಬ್ಬಿದೆವು, ಅಲ್ಲಿಂದ ತಿರುಗಿಸಿ ಮತ್ತೊಮ್ಮೆ ದಬ್ಬಿದೆವು. ಅಪ್ಪ ಹೊಲದ ಕೆಲಸ ಬಿಟ್ಟು ಬಂದು ತಾನೂ ಹೆಗಲು ಕೊಟ್ಟನು. ಮೈಗೆ ಬೆವರು ಬಂತೇ ಹೊರತು ಗಾಡಿಗೆ ಜೀವ ಬರಲಿಲ್ಲ.

ಟ್ರ್ಯಾಕ್ಟರು ದುರಸ್ತಿ ಮಾಡುವ ಹಿರಿಯರೊಬ್ಬರು ಆ ದಾರಿಯಲ್ಲಿ ಬಂದರು. ಅವರು ಓದಿದ್ದು ನಾಲ್ಕನೆಯ ಇಯತ್ತೆ.

“ಸೆಲ್ಫ್ ತಿರಗತೈತೇನು?”

“ತಿರಗತೈತಿ.”

“ಮತ್ತ ದಬ್ಬೂದು ಯಾಕ?”

ನಾವು ಮುಖ ಮುಖ ನೋಡಿಕೊಂಡೆವು. ದಬ್ಬುವದೆಂದರೇನು? ಚಕ್ರಗಳ ಮೂಲಕ ಎಂಜಿನ್ನನ್ನು ತಿರುಗಿಸುವದು. ಆ ಕೆಲಸವನ್ನು ಸೆಲ್ಫ್ ಮೋಟಾರು ಆಗಲೇ ಚೆನ್ನಾಗಿ ಮಾಡುತ್ತಿತ್ತು. ಹಿಂದೆ ಹ್ಯಾಂಡಲ್ ಹಾಕಿ ಕೈಯಿಂದ ತಿರುವುತ್ತಿದ್ದರು. ಎಂಜಿನ್ನು ಹಿಮ್ಮುಖ ಒದ್ದರೆ ಮಣಿಕಟ್ಟು ಮುರಿಯುವದಿತ್ತು. ಅಮೇರಿಕೆಯ ಕೆಟರಿಂಗ್ ಎಂಬವನು 1911ರಲ್ಲಿ ವಿದ್ಯುತ್ತಿನ ಸೆಲ್ಫನ್ನು ಸಿದ್ಧಪಡಿಸಿ ಆ ಗಂಡಾಂತರವನ್ನು ತಪ್ಪಿಸಿದನು.

ಆದ್ದರಿಂದ ಮೊದಲನೆಯ ಪ್ರಶ್ನೆ ಇದೇ: ಎಂಜಿನ್ನು ತಿರುಗುವದೋ ಇಲ್ಲವೋ? ತಿರುಗದಿದ್ದರೆ ಪೆಟ್ರೋಲಿನ ವಿಚಾರ ಆಮೇಲೆ, ಮೊದಲು ಬ್ಯಾಟರಿ. ದೀಪ ಹಚ್ಚಿ ಕೀಲಿ ತಿರುವಬೇಕು. ದೀಪ ಪೂರಾ ಮಂಕಾದರೆ ಬ್ಯಾಟರಿ ಇಳಿದಿದೆ, ಇಲ್ಲವೆ ಅದರ ತುದಿಗಳಿಗೆ ಬಿಳಿ-ಹಸಿರು ಕಿಲುಬು ಹಿಡಿದಿದೆ. ತುಂಬಿದ 12 ವೋಲ್ಟಿನ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟು ತೋರಿಸುವದು. ದೀಪ ಪ್ರಖರವಾಗಿಯೇ ಇದ್ದು ‘ಟಕ್’ ಎಂಬ ಒಂದೇ ಸದ್ದು ಬಂದರೆ ಸಂಶಯವು ಸೆಲ್ಫಿನ ಮೇಲೆ. ದಬ್ಬಿದರೆ ಫಲವಿರುವದು ಇಂಥ ಪ್ರಸಂಗಗಳಲ್ಲಿ. ಅದೂ ಕೈಗೇರಿನ ಗಾಡಿಗೆ ಮಾತ್ರ.

ತಿರುಗಿಯೂ ಹೊತ್ತದಿದ್ದರೆ? ಪೆಟ್ರೋಲು, ಗಾಳಿ, ಕಿಡಿ ಇವುಗಳಲ್ಲಿ ಯಾವುದೋ ಒಂದು ಕಡಿಮೆ ಬಿದ್ದಿರುವದೇ ಹೆಚ್ಚು. ಹಿರಿಯರು ಹೊಗೆಕೊಳವೆಯ ಹತ್ತಿರ ಬಗ್ಗಿ ಮೂಸಿದರು. ಹಸಿ ಪೆಟ್ರೋಲಿನ ವಾಸನೆ! ಅಂದರೆ ಪೆಟ್ರೋಲು ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಗಾಳಿಯ ಜಾಲರಿ ಬಿಚ್ಚಿ ನೋಡಿದರು, ಚೊಕ್ಕಟವಿತ್ತು. ಉಳಿದದ್ದು ಕಿಡಿ. ತಿಳಿದುದನ್ನು ಕಳೆದು ಉಳಿದುದರಲ್ಲಿ ಕಾರಣವನ್ನರಸುವ ಈ ಕ್ರಮವನ್ನು ಮಿಲ್ಲನು 1843ರ ತನ್ನ ತರ್ಕಗ್ರಂಥದಲ್ಲಿ ವಿವರಿಸಿದ್ದಾನೆ. ನಾನು ಅದನ್ನು ಬಾಯಿಪಾಠ ಮಾಡಿದ್ದೆ. ದಬ್ಬುವಾಗ ಒಮ್ಮೆಯೂ ನೆನಪಾಗಲಿಲ್ಲ.

ಅವರು ಒಂದು ಪ್ಲಗ್ಗನ್ನು ಬಿಚ್ಚಿದರು. ಅದು ಪೆಟ್ರೋಲಿನಿಂದ ತೊಯ್ದಿತ್ತು. ಒರೆಸಿ, ತಂತಿಗೆ ಸಿಕ್ಕಿಸಿ, ರಬ್ಬರು ಹಿಡಿಕೆಯ ಇಕ್ಕಳದಿಂದ ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ, ತೆರೆದ ತೂತಿನಿಂದ ದೂರವೇ ಹಿಡಿದರು. ಮಾವ ಕೀಲಿ ತಿರುವಿದನು. ಕಿಡಿಯಿಲ್ಲ. (ಸಾವಿರಾರು ವೋಲ್ಟಿನ ಆಟವಿದು, ಪಕ್ಕದಲ್ಲೇ ಪೆಟ್ರೋಲಿನ ಆವಿ; ಓದುಗರು ಬರಿಗೈಯಿಂದ ಪ್ರಯೋಗಿಸಬಾರದು. ಇಂದಿನ ಗಾಡಿಗಳಲ್ಲಿ ಕಿಡಿಯ ವ್ಯವಸ್ಥೆಯೇ ಬೇರೆ, ಕೀಲಿಯ ಗುರುತು ಸಿಕ್ಕದಿದ್ದರೂ ಅವು ಹೊರಡವು. ಡೀಸೆಲ್ ಎಂಜಿನ್ನಿಗಂತೂ ಕಿಡಿಯೇ ಬೇಡ. ಅಲ್ಲಿ ಎಣ್ಣೆಯ ನಳಿಗೆಯಲ್ಲಿ ಗಾಳಿ ಸೇರಿದೆಯೇ ಎಂದು ನೋಡುವರು.)

ಕಿಡಿಯನ್ನು ಪ್ಲಗ್ಗುಗಳಿಗೆ ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರಿನ ಟೊಪ್ಪಿಗೆಯನ್ನು ತೆಗೆದರೆ ಒಳಗೆಲ್ಲ ಹನಿ ಹನಿ ನೀರು. ರಾತ್ರಿಯ ಮಳೆಯ ತೇವವದು. ಕಿಡಿಯು ಪ್ಲಗ್ಗಿಗೆ ಹೋಗದೆ ಆ ನೀರಿನ ದಾರಿ ಹಿಡಿದು ಸೋರಿಹೋಗುತ್ತಿತ್ತು. ಅಪ್ಪನ ಧೋತರದ ಒಣ ಚುಂಗಿನಿಂದ ಒರೆಸಿದರು. ಉಳಿದ ಪ್ಲಗ್ಗುಗಳನ್ನೂ ಬಿಚ್ಚಿ ಒಣಗಿಸಿ ಕೂಡಿಸಿದರು. ಎಕ್ಸಲರೇಟರನ್ನು ಪೂರ್ತಿ ಅದುಮಿ ಹಿಡಿಯಲು ಹೇಳಿದರು, ಒಳಗೆ ತುಂಬಿದ ಪೆಟ್ರೋಲು ಹೊರಬೀಳಲೆಂದು. ಎರಡನೆಯ ಸಲಕ್ಕೆ ಗಾಡಿ ಕೆಮ್ಮಿತು, ಮೂರನೆಯದಕ್ಕೆ ಹೊರಟಿತು. ಮಾವ ಕೊಟ್ಟ ಹಣವನ್ನು ಅವರು ತೆಗೆದುಕೊಳ್ಳಲಿಲ್ಲ. “ಹುಡುಗನ ಪರೀಕ್ಷಾ ಐತಿ, ನಡೀರಿ” ಎಂದರು.

ನಾನು ಪರೀಕ್ಷಾ ಮಂದಿರವನ್ನು ಹೊಕ್ಕಾಗ 20 ನಿಮಿಷ ತಡವಾಗಿತ್ತು. ಕೊನೆಯ ಪ್ರಶ್ನೆಗೆ ಉತ್ತರ ಬರೆಯಲು ಹೊತ್ತು ಸಾಲಲಿಲ್ಲ. ಗಾಡಿಯನ್ನು ದಬ್ಬುವದರಲ್ಲಿ ಕಳೆದ ಹೊತ್ತೂ ಹೆಚ್ಚುಕಡಿಮೆ ಅಷ್ಟೇ.